ಹೊರಗಿನ ಬ್ರೇಕ್ ಪ್ಯಾಡ್ ನೋಡಿ ಮೋಸ ಹೋದೆ

ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಿಬರುವುದು ನಮ್ಮ ಮನೆಯಲ್ಲಿ ಆಗಾಗ ಇದ್ದದ್ದೇ. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಕಾರಿನ ಮುಂದಿನ ಎಡ ಚಕ್ರದಲ್ಲಿ ಕೀರಲು ಸದ್ದು ಶುರುವಾಯಿತು. ರಾತ್ರಿ ಮಳೆ ಬಿದ್ದರೆ ಬ್ರೇಕಿನ ಡಿಸ್ಕ್ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ) ಮೇಲೆ ತೆಳುವಾಗಿ ತುಕ್ಕು ಹಿಡಿದು ಬೆಳಿಗ್ಗೆ ಹಾಗೆ ಕೀರುವುದುಂಟು. ಎರಡು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಇದು ಹೋಗಲಿಲ್ಲ.

ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದೆ. ಬ್ರೇಕ್ ಒತ್ತಿದಾಗ ಡಿಸ್ಕನ್ನು ಎರಡೂ ಬದಿಯಿಂದ ಹಿಡಿಯುವ ಎರಡು ಪ್ಯಾಡ್‌ಗಳಲ್ಲಿ ಹೊರಗಿನದು ಇನ್ನೂ ಐದಾರು ಮಿ.ಮೀ. ದಪ್ಪ ಇತ್ತು. ಹೊಸದು ಸುಮಾರು 10 ಮಿ.ಮೀ. ಇರುತ್ತದೆ, 3ಕ್ಕೆ ಇಳಿದರೆ ಬದಲಿಸಬೇಕು. ಇನ್ನೂ ಒಂದು ವರ್ಷ ಬರುತ್ತೆ ಅಂದುಕೊಂಡು ಸುಮ್ಮನಾದೆ. ಸದ್ದು ಸುಮ್ಮನಾಗಬೇಕಲ್ವಾ?

ಕೊನೆಗೆ ಒಂದು ಭಾನುವಾರ ಅಂಗಳದಲ್ಲೇ ಚಕ್ರ ಬಿಚ್ಚಿದೆ. ಸಮತಟ್ಟು ಜಾಗ, ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಗಳಿಗೆ ಕಲ್ಲು. ನಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿದೆ. ಜಾಕ್ ಒಂದನ್ನೇ ನಂಬಬೇಡಿ. ಗಟ್ಟಿ ಸ್ಟ್ಯಾಂಡ್ ಕೊಟ್ಟ ಮೇಲೇ ಕೈ ಹಾಕಿ.

ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಹಿಡಿಕೆ, ಅಂದರೆ ಕ್ಯಾಲಿಪರ್‌ನ ಕೆಳಗಿನ ಬೋಲ್ಟ್ ತೆಗೆದು ಮೇಲಕ್ಕೆ ಮಡಚಲು ನೋಡಿದರೆ ಅಲ್ಲಾಡಲೇ ಇಲ್ಲ. ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಎತ್ತಿದೆ. ಒಳಗಿನ ಪ್ಯಾಡ್ ಹೆಚ್ಚೆಂದರೆ 2 ಮಿ.ಮೀ. ಉಳಿದಿತ್ತು! ಅದಕ್ಕೆ ಅಂಟಿಕೊಂಡಿದ್ದ ತಗಡಿನ ನಾಲಗೆ ಡಿಸ್ಕ್‌ಗೆ ಉಜ್ಜುತ್ತಿತ್ತು. ಪ್ಯಾಡ್ ಸವೆದಾಗ ಹೀಗೆ ಕೂಗಲೆಂದೇ ಅದನ್ನು ಇಟ್ಟಿರುತ್ತಾರೆ. ಪಾಪ, ಅದು ಕೂಗಿದ್ದೇ ಸರಿ. ನಾನು ನೋಡಿದ್ದು ಬೇರೆ ಪ್ಯಾಡನ್ನು.

ಒಂದೇ ಕಡೆ ಇಷ್ಟು ಸವೆದಿದ್ದು ಯಾಕೆ? ನಮ್ಮ ಕಾರಿನಂಥವುಗಳಲ್ಲಿ ಬ್ರೇಕ್ ಆಯಿಲ್ ಒತ್ತಡಕ್ಕೆ ಮುಂದೆ ಬರುವ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಅದು ಒಳಗಿನ ಪ್ಯಾಡನ್ನು ಒತ್ತುತ್ತದೆ. ಆಗ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಪಿನ್ ಜಾರದಿದ್ದರೆ ಕೆಲಸವೆಲ್ಲ ಒಳಗಿನದರ ತಲೆಗೇ. ನನ್ನದರಲ್ಲಿ ಕೆಳಗಿನ ಪಿನ್‌ನ ರಬ್ಬರ್ ತೊಪ್ಪಿ ಹರಿದು ನೀರು ಹೋಗಿ ತುಕ್ಕು ಹಿಡಿದಿತ್ತು. ಬರೀ ಪ್ಯಾಡ್ ಬದಲಿಸಿದ್ದರೆ ಹೊಸದನ್ನೂ ಹಾಗೇ ತಿನ್ನುತ್ತಿತ್ತು.

ಪಿನ್‌ಗಳನ್ನು ಎಳೆದು, ನಯವಾದ ಎಮರಿ ಕಾಗದದಲ್ಲಿ ಉಜ್ಜಿ, ಹೊಸ ತೊಪ್ಪಿ ಹಾಕಿದೆ. ಮನೆಯಲ್ಲಿದ್ದ ಮಾಮೂಲಿ ಗ್ರೀಸ್ ಬಳಿಯಲು ಹೊರಟಿದ್ದೆ. ಅದು ರಬ್ಬರನ್ನು ಊದಿಸುತ್ತದೆ ಎಂದು ಬಿಡಿಭಾಗದ ಅಂಗಡಿಯವರು ಹೇಳಿದ್ದು ನೆನಪಾಗಿ ಸಿಲಿಕೋನ್ ಗ್ರೀಸ್ ತಂದೆ. ಬ್ರೇಕ್ ಧೂಳನ್ನು ಊದಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಶ್ವಾಸಕೋಶಕ್ಕೆ ಅದು ಒಳ್ಳೆಯದಲ್ಲ.

ಹೊಸ ಪ್ಯಾಡ್ ದಪ್ಪ, ಆದ್ದರಿಂದ ಪಿಸ್ಟನ್ ಹಿಂದಕ್ಕೆ ಹೋಗಬೇಕು. ಹಳೇ ಪ್ಯಾಡ್ ಅಡ್ಡ ಕೊಟ್ಟು ಜಿ-ಕ್ಲಾಂಪ್‌ನಲ್ಲಿ ನಿಧಾನವಾಗಿ ಬಿಗಿಸಿದೆ. ಇಲ್ಲೊಂದು ಎಡವಟ್ಟು. ಪ್ಯಾಡ್ ಸವೆದಂತೆ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಇಳಿಯುವುದು ಸಹಜ. ನಾನೋ ಕಮ್ಮಿಯಾಗಿದೆ ಎಂದು ತಿಂಗಳ ಹಿಂದೆ ತುಂಬಿಸಿಟ್ಟಿದ್ದೆ. ಪಿಸ್ಟನ್ ಒಳಗೆ ಹೋದಂತೆ ಅದು ಉಕ್ಕಿ ಪೇಂಟ್ ಮೇಲೆ ಹರಿಯಿತು. ಬ್ರೇಕ್ ಆಯಿಲ್ ಪೇಂಟನ್ನು ಕಿತ್ತು ತಿನ್ನುತ್ತದೆ. ಓಡಿ ಹೋಗಿ ಬಕೆಟ್ ನೀರು ಸುರಿದೆ. ಮೊದಲೇ ಸಿರಿಂಜಿನಲ್ಲಿ ಸ್ವಲ್ಪ ತೆಗೆದಿದ್ದರೆ ಇಷ್ಟು ಒದ್ದಾಟ ಇರುತ್ತಿರಲಿಲ್ಲ.

ಬಲಗಡೆಯ ಪ್ಯಾಡ್‌ಗಳನ್ನೂ ಬದಲಿಸಿದೆ. ಒಂದೇ ಬದಿ ಬದಲಿಸಿದರೆ ಗಾಡಿ ಪಕ್ಕಕ್ಕೆ ಎಳೆಯಬಹುದು. ಅಲ್ಲಿ ಪಿನ್ ಸಲೀಸಾಗಿ ಬಂತು, ಅರ್ಧ ಗಂಟೆ ಕೆಲಸ. ಎಡಗಡೆಗೆ ಮೂರು ಗಂಟೆ ಹಿಡಿದಿತ್ತು.

ಗಾಡಿ ಕದಲಿಸುವ ಮೊದಲು ಪೆಡಲ್ ಒತ್ತಿದಾಗ ತಳಕ್ಕೇ ಹೋಯಿತು. ಪಿಸ್ಟನ್ ಹಿಂದೆ ಸರಿದಿರುವುದರಿಂದ ಹಾಗೆ. ಏಳೆಂಟು ಸಲ ಒತ್ತಿದ ಮೇಲೆ ಗಟ್ಟಿಯಾಯಿತು. ಇದನ್ನು ಮರೆತು ಗಾಡಿ ತೆಗೆದರೆ ಗೇಟೇ ಬ್ರೇಕು! ಆಮೇಲೆ ಖಾಲಿ ರಸ್ತೆಯಲ್ಲಿ 50ರ ವೇಗದಿಂದ ಹತ್ತು ಸಲ ಹದವಾಗಿ ನಿಧಾನಿಸಿ ಹೊಸ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳುವಂತೆ ಮಾಡಿದೆ.

ಮುಂದಿನ ವಾರ ಎರಡನೇ ಗೇರಿನಲ್ಲೇ ಘಾಟಿ ಇಳಿದು ಉಜಿರೆಯಲ್ಲಿ ಕಾಫಿಗೆ ನಿಲ್ಲಿಸಿದೆ. ಎಲ್ಲರೂ ಹೋಟೆಲಿಗೆ ಹೋದರು. ನಾನು ಮುಂದಿನ ಎರಡೂ ಚಕ್ರಗಳ ಹತ್ತಿರ ಕೈ ಹಿಡಿದು ನೋಡಿದೆ. ಎರಡರ ಬಿಸಿಯೂ ಒಂದೇ ಸಮ ಇತ್ತು, ಎರಡೂ ಬ್ರೇಕ್ ಸಮನಾಗಿ ಹಿಡಿಯುತ್ತಿವೆ ಅಂತಾಯಿತು.