ಮಿಕ್ಸಿ ಜಾರಿನ ಕ್ರೋಮಿಯಂ

ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಬಿಡದಿ ಹತ್ತಿರ ಬೈರಮಂಗಲ ಕೆರೆ ಸೇರುತ್ತದೆ. ಆ ಕಡೆಯ ಹೊಲಗಳ ಸೊಪ್ಪಿನಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್ ಎಷ್ಟಿದೆ ಎಂದು ಅಳೆಯುವುದು ನನ್ನ ಎಂ.ಎಸ್ಸಿ. ಕೆಲಸ. ಹೋಲಿಸಿ ನೋಡಲು ಒಂದು 'ಒಳ್ಳೇ' ಸೊಪ್ಪು ಬೇಕಲ್ವಾ? ಅದಕ್ಕೆ ನಮ್ಮ ಮನೆ ತಾರಸಿಯ ಕುಂಡದಲ್ಲೇ ಪಾಲಕ್ ಬೆಳೆದೆ.

ಸೊಪ್ಪನ್ನು ತಂದ ದಿನವೇ ತೊಳೆಯಬೇಕು. ಎಲೆಗೆ ಅಂಟಿದ ಮಣ್ಣು ಬಿಡದಿದ್ದರೆ ನೀವು ಅಳೆಯುವುದು ಮಣ್ಣನ್ನೇ. ಮೊದಲು ನಲ್ಲಿ ನೀರು, ಆಮೇಲೆ 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಒಮ್ಮೆ ಅದ್ದಿ, ಎರಡು ಸಲ ಡಿಸ್ಟಿಲ್ಡ್ ನೀರು. ನೀರು ಒರೆಸಿ ಹಸಿ ತೂಕ ಬರೆದುಕೊಂಡು, 65–70 ಡಿಗ್ರಿ ಓವನ್‌ನಲ್ಲಿ ಒಣಗಿಸಿದೆ. ಹಸಿ ತೂಕ ಮರೆತರೆ ಕೆಟ್ಟಿರಿ. ನಾವು ಅಳೆಯುವುದು ಒಣ ಪುಡಿಯನ್ನು, ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿ ಇರುವುದು ಹಸಿ ಸೊಪ್ಪಿಗೆ: ಕಿಲೋಗೆ ಸೀಸ 0.3 ಮಿಲಿಗ್ರಾಂ, ಕ್ಯಾಡ್ಮಿಯಂ 0.2. ಪಾಲಕ್‌ನಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ, ಹಾಗಾಗಿ ಹತ್ತು ಪಟ್ಟು ವ್ಯತ್ಯಾಸ.

ಒಣಗಿದ್ದನ್ನು ಮಿಕ್ಸಿಯಲ್ಲಿ ಪುಡಿ ಮಾಡಿ, ಅರ್ಧ ಗ್ರಾಂ ತೂಗಿ, ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿದೆ. ಬೆಳಿಗ್ಗೆ ನೈಟ್ರಿಕ್ ಮತ್ತು ಪರ್ಕ್ಲೋರಿಕ್ 9:4 ಮಿಶ್ರಣ ಹಾಕಿ ಕಾಯಿಸುವುದು. ಬಿಳಿ ಹೊಗೆ ಬಂದು, ಪುಡಿ ಕರಗಿ ದ್ರಾವಣ ತಿಳಿಯಾಗಬೇಕು, ಪೂರ್ತಿ ಒಣಗಬಾರದು. ನೆನೆಸದೆ ನೇರ ಪರ್ಕ್ಲೋರಿಕ್ ಸುರಿದರೆ ಸಿಡಿಯುವ ಅಪಾಯ ಇದೆ. ಅದಕ್ಕೆಂದೇ ಮಾಡಿದ, ಹೊಗೆಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಇಲ್ಲದಿದ್ದರೆ ಮುಟ್ಟಲೇಬೇಡಿ. ಕೊನೆಗೆ ಸೋಸಿ, 50 ಮಿಲಿಗೆ ತುಂಬಿಸಿ, ಜ್ವಾಲೆಯಲ್ಲಿ ಲೋಹ ಅಳೆಯುವ ಅಟಾಮಿಕ್ ಅಬ್ಸಾರ್ಪ್ಷನ್ ಯಂತ್ರಕ್ಕೆ ಕೊಟ್ಟೆ.

ನೋಡಿದರೆ ತಾರಸಿ ಪಾಲಕ್‌ನಲ್ಲೂ ಕ್ರೋಮಿಯಂ, ನಿಕ್ಕಲ್ ಜಾಸ್ತಿ! ಅಮ್ಮನಿಗೆ ಹೇಳಿದ್ದೇ ತಪ್ಪಾಯ್ತು, ಅವತ್ತಿನಿಂದ ಆ ಸೊಪ್ಪು ಅಡುಗೆಮನೆಗೆ ಬರಲಿಲ್ಲ.

ಸೊಪ್ಪು ಹಾಕದೆ ಆಮ್ಲ ಮಾತ್ರ ಕಾಯಿಸಿದ ಬ್ಲ್ಯಾಂಕ್ ಚೊಕ್ಕವಾಗಿತ್ತು, ಅಂದರೆ ಲೋಹ ಆಮ್ಲದಿಂದ ಬಂದದ್ದಲ್ಲ. ಪರೀಕ್ಷೆಗೆ ಇಟ್ಟಿದ್ದ, ಲೋಹ ಎಷ್ಟಿದೆ ಎಂದು ಮೊದಲೇ ಗೊತ್ತಿರುವ, ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ 1570ಎ ಪಾಲಕ್ ಪುಡಿಯೂ ಸರಿಯಾಗಿಯೇ ಬಂದಿತ್ತು. ಎರಡು ದಿನ ತಲೆ ಕೆರೆದುಕೊಂಡೆ. ಆಮೇಲೆ ಅಂಕಿಗಳನ್ನೇ ದಿಟ್ಟಿಸಿದಾಗ, ಎಲ್ಲ ಮಾದರಿಯಲ್ಲೂ ಕ್ರೋಮಿಯಂ ನಿಕ್ಕಲ್‌ನ ಎರಡು ಪಟ್ಟು ಹತ್ತಿರ ಇತ್ತು. ಸಾಮಾನ್ಯವಾಗಿ ಬಳಸುವ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಕ್ರೋಮಿಯಂ ನೂರಕ್ಕೆ 18, ನಿಕ್ಕಲ್ 8. ಮಿಕ್ಸಿ ಬ್ಲೇಡು! ಬ್ಲ್ಯಾಂಕ್ ಮಿಕ್ಸಿಗೆ ಹೋಗುವುದೇ ಇಲ್ಲ. ಎನ್‌ಐಎಸ್‌ಟಿ ಮಾದರಿಯಂತೂ ಪುಡಿಯಾಗಿಯೇ ಬರುತ್ತದೆ. ಕಳ್ಳ ಹೇಗೆ ಸಿಕ್ಕಾನು?

ಅನುಮಾನ ತೀರಲಿ ಎಂದು ಒಂದೇ ಕಟ್ಟಿನ ಎಲೆಯನ್ನು ಎರಡು ಪಾಲು ಮಾಡಿದೆ. ಒಂದನ್ನು ಮಿಕ್ಸಿಗೆ ಹಾಕಿದೆ, ಇನ್ನೊಂದನ್ನು ಅಗೇಟ್ ಕಲ್ಲಿನ ಕುಟ್ಟಾಣಿಯಲ್ಲಿ ಕುಟ್ಟಿದೆ. ಕುಟ್ಟಿದ ಪಾಲಿನಲ್ಲಿ ಎರಡೂ ಲೋಹ ಸರ್ರನೆ ಇಳಿದವು. ಕ್ಯಾಡ್ಮಿಯಂ ಅಲ್ಲಾಡಲಿಲ್ಲ. "ಹಾಗಾದ್ರೆ ನಮ್ಮ ಚಟ್ನಿ ಗತಿಯೇನೋ?" ಅಂದರು ಅಮ್ಮ. ಲ್ಯಾಬಿನದು ಸವೆದ ಬ್ಲೇಡು, ಗರಿಗರಿ ಒಣ ದಂಟನ್ನು ನಿಮಿಷಗಟ್ಟಲೆ ತಿರುಗಿಸಿದ್ದೆ, ಹಸಿ ಚಟ್ನಿಗೆ ಅಷ್ಟು ಸವೆತ ಇರಲ್ಲ ಎಂದು ಸಮಾಧಾನ ಹೇಳಿದೆ.

ಹೇಗೂ ಎಲ್ಲ ಮಾದರಿಗಳನ್ನೂ ಮತ್ತೆ ಮಾಡಬೇಕಿತ್ತು. ಸೀಸ ಅಳೆಯುವುದರಲ್ಲಿ ಮಾಡಿದ್ದ ತಪ್ಪನ್ನೂ ಆಗಲೇ ತಿದ್ದಿಕೊಂಡೆ. ಅರ್ಧ ಗ್ರಾಂಗೆ 50 ಮಿಲಿ ಅಂದರೆ ಮಿತಿಯಷ್ಟು ಸೀಸ ಇದ್ದರೂ ಲೀಟರಿಗೆ 0.03 ಮಿಲಿಗ್ರಾಂ ಮಾತ್ರ. ಜ್ವಾಲೆಯ ಯಂತ್ರಕ್ಕೆ ಅದು ಕಾಣುವುದೇ ಕಷ್ಟ. ಒಂದು ಗ್ರಾಂ ತೂಗಿ 25 ಮಿಲಿಗೆ ನಿಲ್ಲಿಸಿದರೆ ಅದೇ 0.12 ಆಗುತ್ತದೆ. ಇನ್ನೂ ಸೂಕ್ಷ್ಮವಾಗಿ ಅಳೆಯುವ ಗ್ರಾಫೈಟ್ ಫರ್ನೇಸ್ ಇದ್ದವರಿಗೆ ಈ ಪಾಡಿಲ್ಲ, ನಮ್ಮಲ್ಲಿ ಇರಲಿಲ್ಲ.

ಪ್ಯಾಕೆಟ್ಟುಗಳನ್ನೆಲ್ಲ ಕುಟ್ಟಿ ಮುಗಿಸುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ತಾರಸಿ ಪಾಲಕ್ ಮತ್ತೆ ಹುಳಿಗೆ ಬಿತ್ತು.