ಮುಗಿಯುವ ಮೊದಲೇ ಜೀನು ತೋರಿಸಿ: ಅಭಿಪ್ರಾಯ ಪಡೆಯುವುದರಲ್ಲಿ ನನ್ನ ಅನುಭವ

ಕೈಯಲ್ಲಿ ಮಾಡಿದ ವೆಸ್ಟರ್ನ್ ಜೀನು, ಅಂದರೆ ಅಮೆರಿಕದ ಕೌಬಾಯ್ ಮಾದರಿಯ ಕುದುರೆ ಜೀನು, ಪೂರ್ತಿ ಮುಗಿದು, ಎಣ್ಣೆ ಕುಡಿದು, ಸ್ಟ್ಯಾಂಡ್ ಮೇಲೆ ಹೊಳೆಯುತ್ತ ಕೂತ ಮೇಲೆ ಯಾರನ್ನು ಕರೆದು ಕೇಳಿದರೂ ‘ಚೆನ್ನಾಗಿದೆ’ ಅನ್ನುತ್ತಾರೆ. ಸ್ವಲ್ಪ ಬಲ್ಲವರಾದರೆ ಕ್ಯಾಂಟಲ್ (ಸೀಟಿನ ಹಿಂದಿನ ಏರು) ಅಂಚಿನ ಬೈಂಡಿಂಗ್ ಹೊಲಿಗೆ ಇನ್ನೊಂಚೂರು ಸಣ್ಣದಿರಬೇಕಿತ್ತು ಅನ್ನುತ್ತಾರೆ. ಇಂಥ ಮಾತಿನಿಂದ ಮುಂದಿನ ಜೀನು ಒಂದಿಷ್ಟೂ ಸುಧಾರಿಸುವುದಿಲ್ಲ. ನಾನು ಹಿಡಿದ ದಾರಿ ಬೇರೆ. ಜೀನು ಅರ್ಧ ಆಗಿರುವಾಗ, ಅಂಟು ಮೊಳೆ ಬೀಳುವ ಮುಂಚೆ, ಒಂದೊಂದು ಹಂತದಲ್ಲಿ ಒಬ್ಬೊಬ್ಬರ ಕೈಗೆ ಕೊಟ್ಟು ಕೇಳುತ್ತೇನೆ. ಇದನ್ನು ಮೊದಲು ಹೇಳಿದಾಗ ಈ ಕೆಲಸದಲ್ಲಿ ನನಗಿಂತ ಹಳಬರು ಒಪ್ಪಲೇ ಇಲ್ಲ. ಅರೆಬರೆ ಕೆಲಸ ಹೊರಗಿನವರ ಕಣ್ಣಿಗೆ ಬಿದ್ದರೆ ಹೆಸರು ಕೆಡುತ್ತದೆ ಅಂದರು. ಬರೀ ಗ್ರೌಂಡ್ ಸೀಟ್ (ಸೀಟ್ ಚರ್ಮದ ಕೆಳಗೆ ಆಕಾರ ಕೊಡುವ ಪದರ) ಮೇಲೆ ಸವಾರನನ್ನು ಕೂರಿಸಿ ಕುದುರೆ ನಡೆಸುತ್ತೇನೆ ಅಂದಾಗಲಂತೂ ಬೈಸಿಕೊಂಡೆ. ಈಗ ಅವರಲ್ಲೇ ಕೆಲವರು ತಮ್ಮ ಟ್ರೀಗಳನ್ನು (ಜೀನಿನೊಳಗಿನ ಮರದ ಚೌಕಟ್ಟು) ಹೀಗೇ ಪರೀಕ್ಷಿಸುತ್ತಿದ್ದಾರೆ. ಅದಕ್ಕೇ ಇದನ್ನು ಬರೆದಿಡಬೇಕು ಅನ್ನಿಸಿತು.

ಫೋಟೊ ಕಳಿಸಿ ಕೇಳುವ ಅಭ್ಯಾಸವನ್ನು ಎಲ್ಲಕ್ಕಿಂತ ಮೊದಲು ಬಿಟ್ಟೆ. ಫೋನನ್ನು ಹತ್ತಿರ ಹಿಡಿದು ತೆಗೆದರೆ ಫೋರ್ಕ್ (ಜೀನಿನ ಮುಂಭಾಗದ ಏರು) ಉಬ್ಬಿ ಕ್ಯಾಂಟಲ್ ಕುಗ್ಗಿ ಕಾಣುತ್ತದೆ, ಸೀಟಿನ ತಗ್ಗು ಎಲ್ಲಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ನೋಡುವವರ ಕಣ್ಣೆಲ್ಲ ಕೆತ್ತನೆಯ ಮೇಲೆ. ವಯೋಮಿಂಗ್‌ನ ಶೆರಿಡನ್‌ನಲ್ಲಿ ಜೀನುಗಾರ ಡಾನ್ ಕಿಂಗ್ ಬೆಳೆಸಿದ ಕೆತ್ತನೆ ಶೈಲಿ, ಅಂದರೆ ಸುತ್ತಿ ಸುತ್ತಿ ಬರುವ ದಂಟು, ಸಣ್ಣ ಹೂವು, ಒತ್ತೊತ್ತಾದ ಬಳ್ಳಿ, ನನಗೂ ಪ್ರಾಣ. ಆ ಶೈಲಿಯಲ್ಲಿ ಕೆತ್ತಿದ ಜೀನಿಗೆ ಹೊಗಳಿಕೆಯೋ ಹೊಗಳಿಕೆ ಬಂತು. ಅದಕ್ಕಿಂತ ಎಷ್ಟೋ ಚೆನ್ನಾಗಿ ಕೂರುತ್ತಿದ್ದ ನನ್ನ ಸಾದಾ ಜೀನಿನ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಫೋಟೊ ಕಳಿಸಲೇಬೇಕಾದರೆ 4–5 ಮೀಟರ್ ದೂರ ನಿಂತು, ಜೂಮ್ ಮಾಡಿ, ಕ್ಯಾಮೆರಾವನ್ನು ಸೀಟಿನ ಎತ್ತರಕ್ಕೇ ಹಿಡಿದು ನೇರ ಪಕ್ಕದಿಂದ ಒಂದು ತೆಗೆಯಿರಿ. ಹಿಂದಿನಿಂದ ಒಂದು ತೆಗೆಯುವಾಗ ಕ್ಯಾಂಟಲ್ ನಡುವಿನಿಂದ ತೂಕದ ದಾರ ಇಳಿಬಿಡಿ. ಎಡಬಲ ಸ್ಕರ್ಟ್ (ಸೀಟಿನ ಕೆಳಗೆ ಇಳಿಬೀಳುವ ದೊಡ್ಡ ಚರ್ಮ) ಏರುಪೇರಾಗಿದ್ದರೆ ಆ ದಾರವೇ ಹೇಳಿಬಿಡುತ್ತದೆ. ಫೋಟೊದಿಂದ ಆಗುವ ಉಪಯೋಗ ಇಷ್ಟೇ.

ದುಡ್ಡಿನ ಮಾತು ಮೊದಲೇ ಮುಗಿಸುತ್ತೇನೆ, ನನ್ನನ್ನು ಈ ದಾರಿಗೆ ತಳ್ಳಿದ್ದೇ ದುಡ್ಡು. ಹಸಿ ಚರ್ಮ ಹೊದಿಸಿದ, ಕೈಯಲ್ಲಿ ಮಾಡಿದ ಮರದ ಟ್ರೀಗೆ ಆಗ ಸುಮಾರು 600–700 ಡಾಲರ್ ಕೊಟ್ಟ ನೆನಪು. 13–15 ಔನ್ಸ್ ದಪ್ಪದ ಸ್ಕರ್ಟಿಂಗ್ ಚರ್ಮ ಎರಡೂವರೆ ಸೈಡ್ (ಒಂದು ಸೈಡ್ ಅಂದರೆ ಅರ್ಧ ತೊಗಲು) ಹತ್ತಿರ ಹೋಗುತ್ತದೆ. ಹರ್ಮನ್ ಓಕ್, ವಿಕೆಟ್ ಅಂಡ್ ಕ್ರೇಗ್ ಎರಡು ಕಂಪನಿಗಳ ಚರ್ಮವನ್ನೂ ಬಳಸಿದ್ದೇನೆ, ಎರಡೂ ಅಗ್ಗದವಲ್ಲ. ಉಣ್ಣೆಯ ಕುರಿಚರ್ಮ, ರಿಂಗು, ಬಕಲ್, ರಿಕಾಪು ಎಲ್ಲ ಸೇರಿ ಸಾಮಾನಿಗೇ 2,000 ಡಾಲರ್ ಮುಟ್ಟುತ್ತಿತ್ತು. ಹೀಗೆ ಮಾಡಿ ಮಾರಿದ ಒಂದು ಜೀನು ವಾರ ಕಳೆಯುವಷ್ಟರಲ್ಲಿ ವಾಪಸ್ ಬಂತು. ಸವಾರ ಹೇಳಿದ್ದು ಒಂದೇ ಮಾತು: ‘ಕಾಲು ಮುಂದಕ್ಕೆ ಹೋಗ್ತಾನೇ ಇರುತ್ತೆ, ಕುರ್ಚಿ ಮೇಲೆ ಕೂತ ಹಾಗಾಗುತ್ತೆ.’ ಮಾತು ನಿಜವಾಗಿತ್ತು. ಸೀಟಿನ ತಗ್ಗು ಹಿಂದಕ್ಕೆ ಬಿದ್ದಿತ್ತು. ಆದರೆ ಅಷ್ಟರಲ್ಲಿ ಸೀಟ್ ಚರ್ಮ ಎಳೆದು ಅಂಟಿಸಿಯಾಗಿತ್ತು, ಕ್ಯಾಂಟಲ್ ಬೈಂಡಿಂಗ್ ಕೈಹೊಲಿಗೆ ಮುಗಿದಿತ್ತು. ಬೈಂಡಿಂಗ್ ಬಿಚ್ಚಬೇಕು, ಸೀಟ್ ಕೀಳಬೇಕು, ಕಿತ್ತ ಸೀಟ್ ಮತ್ತೆ ಕೂರುವುದಿಲ್ಲ. ಸೈಡಿನ ಅತ್ಯುತ್ತಮ ಭಾಗದಿಂದ ಹೊಸದೊಂದು ಕತ್ತರಿಸಬೇಕಾಯಿತು. ಸುಮಾರು 30 ಗಂಟೆ ಕೆಲಸ. ಆ ಜೀನಿನಿಂದ ನನಗೆ ಉಳಿದದ್ದು ಅದರ ರಿಕಾಪಿನ ಬೆಲೆಯಷ್ಟೂ ಇಲ್ಲ. ಅದೇ ಮಾತನ್ನು ಆ ಸವಾರ ಗ್ರೌಂಡ್ ಸೀಟ್ ಹಂತದಲ್ಲೇ ಹೇಳಿದ್ದರೆ ಅರ್ಧ ಗಂಟೆಯಲ್ಲಿ, ಕತ್ತರಿಸಿ ಬಿಸಾಕಿದ ಚೂರು ಚರ್ಮದಲ್ಲೇ ಸರಿಹೋಗುತ್ತಿತ್ತು.

ಅಲ್ಲಿಂದ ನನ್ನ ಕೆಲಸಕ್ಕೆ ನಿಲುಗಡೆಗಳನ್ನು ಹಾಕಿಕೊಂಡೆ.

ಮೊದಲನೆಯದು ಬರಿಯ ಟ್ರೀ. ಇಲ್ಲಿ ಅಭಿಪ್ರಾಯ ಕೊಡಬೇಕಾದದ್ದು ಕುದುರೆ. ಫುಲ್ ಕ್ವಾರ್ಟರ್ ಹಾರ್ಸ್ ಬಾರ್, ಸೆಮಿ ಕ್ವಾರ್ಟರ್ ಬಾರ್ ಅನ್ನುವ ಅಳತೆಯ ಹೆಸರು ನಂಬಿ ಟ್ರೀ ತರಿಸುವುದನ್ನು ಬಿಟ್ಟುಬಿಡಿ. ಬಾರ್ ಅಂದರೆ ಕುದುರೆಯ ಬೆನ್ನಿನ ಎರಡೂ ಬದಿ ಕೂರುವ ಟ್ರೀಯ ಹಲಗೆ. ಒಬ್ಬ ಟ್ರೀ ಮಾಡುವವರ ಫುಲ್ ಇನ್ನೊಬ್ಬರ ಸೆಮಿಗೆ ಸಮ ಬರುತ್ತದೆ. ಗಲ್ಲೆಟ್ (ಫೋರ್ಕ್ ಕೆಳಗಿನ ಕಮಾನು) ಅಗಲ ಆರೂವರೆ ಇಂಚು ಅಂತ ಬರೆದಿದ್ದರೂ ಅಳೆದದ್ದು ಎಲ್ಲಿಂದ ಎಲ್ಲಿಗೆ ಅನ್ನುವುದು ಒಬ್ಬೊಬ್ಬರದು ಒಂದೊಂದು. ಬಾರ್‌ನ ಕೋನ, ಟ್ವಿಸ್ಟ್ (ತಿರುಚು), ರಾಕ್ (ಉದ್ದಕ್ಕೆ ಇರುವ ಬಾಗು) ಇವೆಲ್ಲ ಒಟ್ಟಿಗೆ ಹೊಂದಬೇಕು. ಹಾಗಾಗಿ ನಾನು ಬಾರ್‌ಗಳ ಅಡಿಗೆ ಸೀಮೆಸುಣ್ಣದ ಪುಡಿ ಉಜ್ಜಿ, ಕುದುರೆಯ ಬೆನ್ನಿಗೆ ತೆಳುವಾದ ಕಪ್ಪು ಬಟ್ಟೆ ಹಾಸಿ, ಹೆಗಲ ಮೂಳೆಯ ಹಿಂದೆ ಎರಡು ಮೂರು ಬೆರಳು ಬಿಟ್ಟು ಟ್ರೀ ಇಡುತ್ತೇನೆ. ಕುದುರೆ ಸಮನೆಲದಲ್ಲಿ ನಾಲ್ಕು ಕಾಲೂ ಸಮ ಊರಿ ನಿಂತಿರಬೇಕು. ಅಂಗೈಯಿಂದ ಒತ್ತಿ, ಜಾರಿಸದೆ ನೇರ ಮೇಲಕ್ಕೆ ಎತ್ತಿದರೆ ಬಟ್ಟೆಯ ಮೇಲೆ ಬಾರ್ ಮುಟ್ಟಿದ ಜಾಗ ಬಿಳಿಯಾಗಿ ನಿಂತಿರುತ್ತದೆ. ಮುಂದೆ ಹಿಂದೆ ಬಿಳಿ, ನಡುವೆ ಖಾಲಿ ಅಂದರೆ ಬ್ರಿಜಿಂಗ್. ನಡುವೆ ಮಾತ್ರ ಬಿಳಿ ಅಂದರೆ ರಾಕ್ ಜಾಸ್ತಿ, ಜೀನು ತೂಗಾಡುತ್ತದೆ. ನಿಂತ ಕುದುರೆಯ ಬೆನ್ನೇ ಬೇರೆ, ಸವಾರ ಹತ್ತಿ ನಡೆಯುವಾಗಿನ ಬೆನ್ನೇ ಬೇರೆ, ಆದ್ದರಿಂದ ಇದು ಕೊನೆಯ ತೀರ್ಪಾಗಲಾರದು. ಆದರೂ ಹೊಂದದ ಟ್ರೀ ಇಲ್ಲೇ ಸಿಕ್ಕಿಬೀಳುತ್ತದೆ. ಚರ್ಮ ಹತ್ತದ ಟ್ರೀಯನ್ನು ಮಾಡಿದವರೇ ವಾಪಸ್ ತಗೊಂಡು ಬದಲಿ ಕೊಟ್ಟ ಉದಾಹರಣೆ ನನ್ನಲ್ಲಿದೆ. ಒಂದೇ ಒಂದು ಮೊಳೆ ಬಿದ್ದಿದ್ದರೂ ಆ ದುಡ್ಡು ಹೋಗಿರುತ್ತಿತ್ತು.

ನಡುವೆ ಪ್ಲಾಸ್ಟರ್ ಬ್ಯಾಂಡೇಜ್ ಹಾಕಿ ಬೆನ್ನಿನ ಅಚ್ಚು ತೆಗೆಯುವ ಹುಚ್ಚೂ ಹಿಡಿದಿತ್ತು. ಪ್ಲಾಸ್ಟರ್ ಗಟ್ಟಿಯಾಗುವವರೆಗೆ ಕುದುರೆ ಅಲುಗದೆ ನಿಲ್ಲಬೇಕು, ಯಾವ ಕುದುರೆ ನಿಲ್ಲುತ್ತದೆ? ದಿನವೆಲ್ಲ ಅದಕ್ಕೇ ಹೋಗುತ್ತಿತ್ತು. ಬಂದ ಅಚ್ಚಿನಿಂದ ಒಂದು ವಿಷಯ ಮಾತ್ರ ಗಟ್ಟಿಯಾಯಿತು: ಎಡ ಬಲ ಹೆಗಲು ಒಂದೇ ಸಮ ಇರುವ ಕುದುರೆ ಅಪರೂಪ. ಆ ವ್ಯತ್ಯಾಸವನ್ನು ಟ್ರೀಯಲ್ಲಿ ಸರಿಮಾಡಲು ಹೋಗಬೇಡಿ, ಪ್ಯಾಡ್ ಕೆಳಗೆ ತುಂಬುವ ತೆಳು ತುಂಡಾದ ಶಿಮ್‌ಗೆ ಬಿಡಿ. ಕುದುರೆ ಬೆಳೆಯುತ್ತದೆ, ಸೊರಗುತ್ತದೆ, ಟ್ರೀ ಮಾತ್ರ ಹಾಗೇ ಇರುತ್ತದೆ. ಈಗ ಬಾಗುವ ಸ್ಕೇಲಿನಿಂದ ಮೂರು ಕಡೆ ಅಡ್ಡ ಗೆರೆ ತೆಗೆದುಕೊಳ್ಳುತ್ತೇನೆ, ಅಷ್ಟು ಸಾಕು.

ಎರಡನೆಯ ನಿಲುಗಡೆಯೇ ನನ್ನ ಹೆಮ್ಮೆ. ರಿಗ್ಗಿಂಗ್ (ಹೊಟ್ಟೆಪಟ್ಟಿ ಕಟ್ಟುವ ರಿಂಗುಗಳ ಜೋಡಣೆ) ಸ್ಕ್ರೂ ಹಾಕಿ ಭದ್ರವಾದ ಮೇಲೆ, ಗ್ರೌಂಡ್ ಸೀಟ್ ಒರಟಾಗಿ ರೂಪಕ್ಕೆ ಬಂದ ಮೇಲೆ, ಹಳೆಯ ರಿಕಾಪು ಪಟ್ಟಿಗಳನ್ನು ಇಳಿಬಿಟ್ಟು, ದಪ್ಪ ಉಣ್ಣೆ ಪ್ಯಾಡ್ ಹಾಕಿ ಸವಾರನನ್ನು ಹತ್ತಿಸುತ್ತೇನೆ. ನಡಿಗೆ, ಸ್ವಲ್ಪ ಜಾಗ್ ಮಾತ್ರ. ಓಡಿಸುವಂತಿಲ್ಲ, ಮುಂದಿನ ಗೂಟದಂಥ ಹಾರ್ನ್‌ಗೆ ಹಗ್ಗ ಸುತ್ತುವಂತಿಲ್ಲ. ಕುದುರೆ ಶಾಂತ ಸ್ವಭಾವದ್ದೇ ಆಗಿರಬೇಕು.

ಇಳಿದ ಮೇಲೆ ‘ಹೇಗಿದೆ’ ಅಂತ ನಾನು ಕೇಳುವುದಿಲ್ಲ. ಕೇಳಿದರೆ ಸ್ನೇಹಕ್ಕೆ ಕಟ್ಟುಬಿದ್ದು ಚೆನ್ನಾಗಿದೆ ಅಂದುಬಿಡುತ್ತಾರೆ. ಇಳಿಜಾರಿನಲ್ಲಿ ಪಾದ ಎಲ್ಲಿಗೆ ಹೋಯಿತು, ಮೊದಲು ನೋವು ಬಂದದ್ದು ಮಂಡಿಗೋ ತೊಡೆಗೋ, ಎರಡು ರಿಕಾಪಿನಲ್ಲಿ ಯಾವುದು ಉದ್ದ ಅನ್ನಿಸಿತು, ಹೀಗೆ ಕೇಳುತ್ತೇನೆ. ಇನ್ನೂ ಒಂದು ಪ್ರಶ್ನೆ ಇದೆ. ಅದು ನನ್ನ ಅಂಗಡಿಯ ಆಸ್ತಿ, ಇಲ್ಲಿ ಬರೆಯುವುದಿಲ್ಲ. ಮರುದಿನ ಬೆಳಿಗ್ಗೆ ಇವೇ ಪ್ರಶ್ನೆಗಳನ್ನು ಫೋನ್ ಮಾಡಿ ಮತ್ತೆ ಕೇಳುತ್ತೇನೆ, ಮೈ ತಣ್ಣಗಾದ ಮೇಲೆ ಬರುವ ಉತ್ತರ ಹೆಚ್ಚು ನಿಜ.

ಉತ್ತರ ಕೈಗೆ ಬಂದ ಮೇಲೆ ಅದು ಸೀಟಿನ ಯಾವ ಜಾಗದ ದೂರು ಅಂತ ಹಿಡಿಯುವುದು ನಮ್ಮ ಕೆಲಸ. ತೊಡೆ ಅಗಲವಾಗಿ ಎಳೆದ ಹಾಗಾಯಿತು ಅಂದರೆ ರಿಕಾಪು ಪಟ್ಟಿಯ ಹಿಂದಿರುವ ಸೀಟಿನ ಸೊಂಟದ ಭಾಗ ದಪ್ಪ ಇದೆ, ಅಂಚಿನ ಕಡೆಗೆ ಇನ್ನೂ ಸವರಬೇಕು. ಕುರ್ಚಿಯ ಮಾತು ಬಂದರೆ ಕ್ಯಾಂಟಲ್ ಬುಡದಲ್ಲಿ ಒಂದು ಪದರ ಏರಿಸಿ ತಗ್ಗನ್ನು ಮುಂದಕ್ಕೆ ತರಬೇಕು, ಮುಂದಿನ ಏರು ಕಡಿದಾಗಿದ್ದರೆ ಅದನ್ನೂ ಇಳಿಸಬೇಕು, ಯಾಕೆಂದರೆ ಆ ಏರೇ ಸವಾರನನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ. ಮಂಡಿ ನೋವು ಅಂದರೆ ಮೊದಲು ರಿಕಾಪು ತಿರುಗಿಸಿ ಹದ ಮಾಡಿದ್ದೀರಾ ನೋಡಿ, ಸೀಟಿಗೆ ಕೈ ಹಾಕಬೇಡಿ. ಫೆಂಡರ್ (ರಿಕಾಪು ಪಟ್ಟಿಯ ಅಗಲ ಚರ್ಮ) ನೆನೆಸಿ, ತಿರುಚಿ, ಕೋಲು ತೂರಿಸಿ, ಭಾರ ಕಟ್ಟಿ ಎರಡು ಮೂರು ದಿನ ಬಿಟ್ಟರೆ ಎಷ್ಟೋ ಮಂಡಿ ನೋವು ಅಲ್ಲಿಗೇ ಮಾಯ.

ಅದೇ ಸವಾರಿಯಿಂದ ಕುದುರೆಯ ಬೆವರಿನ ಗುರುತೂ ಸಿಗುತ್ತದೆ. ಪ್ಯಾಡ್ ತೆಗೆದ ತಕ್ಷಣ ನೋಡಬೇಕು. ಒಣಗಿದ ಜಾಗ ಕಂಡಕೂಡಲೇ ಒತ್ತಡ ಜಾಸ್ತಿ ಅಂತ ತೀರ್ಮಾನಿಸುವವರನ್ನು ನೋಡಿದ್ದೇನೆ. ಬಾರ್ ಅಲ್ಲಿ ಮುಟ್ಟದೇ ಇದ್ದರೂ ಒಣಗಿಯೇ ಇರುತ್ತದೆ. ನಾನು ಕೂದಲು ನೋಡುತ್ತೇನೆ. ಕೂದಲು ಕೆದರಿದ್ದರೆ, ಬೆರಳಿನಿಂದ ಒತ್ತಿದಾಗ ಕುದುರೆ ಬೆನ್ನು ತಗ್ಗಿಸಿದರೆ ಅಲ್ಲಿ ಒತ್ತಡವಿದೆ. ಬೆಳಿಗ್ಗೆ ಉಜ್ಜಿದ ಹಾಗೇ ಕೂದಲು ನಯವಾಗಿ ಮಲಗಿದ್ದು, ಕುದುರೆ ನಿಶ್ಚಿಂತೆಯಾಗಿ ನಿಂತಿದ್ದರೆ ಅಲ್ಲಿ ಬಾರ್ ಮುಟ್ಟಿಲ್ಲ. ಮಾರನೇ ದಿನ ಅದೇ ಜಾಗ ಊದಿದೆಯಾ ಅಂತ ಮತ್ತೆ ಮುಟ್ಟಿ ನೋಡುತ್ತೇನೆ. ಒತ್ತಡ ಹಾಗೇ ಮುಂದುವರಿದರೆ ಆಮೇಲೆ ಆ ಜಾಗದಲ್ಲಿ ಬಿಳಿ ಕೂದಲು ಬರುತ್ತದೆ. ಆಗ ಅಭಿಪ್ರಾಯ ಕೇಳುವ ಕಾಲ ಮೀರಿರುತ್ತದೆ.

ಇದೇ ಹಂತದಲ್ಲಿ ಇನ್ನೊಬ್ಬ ಜೀನುಗಾರರ ಕೈಗೂ ಕೊಡಬೇಕು. ಅವರಿಗೆ ತೋರಿಸುವಾಗ ಮಾತು ಕಡಿಮೆ ಇರಲಿ. ನನ್ನ ಕೆಲಸ ನೋಡಿಕೊಡುವ ಒಬ್ಬ ಹಿರಿಯರಿದ್ದಾರೆ. ಸೀಟನ್ನು ಅವರು ಕಣ್ಣಲ್ಲಿ ನೋಡುವುದಕ್ಕಿಂತ ಹೆಚ್ಚಾಗಿ ಕೈಯಲ್ಲಿ ನೋಡುತ್ತಾರೆ. ಕಣ್ಣು ಮುಚ್ಚಿ, ಎರಡೂ ಹೆಬ್ಬೆರಳುಗಳನ್ನು ಫೋರ್ಕ್ ಹಿಂದಿನ ಕಿಂಡಿಯಾದ ಹ್ಯಾಂಡ್‌ಹೋಲ್‌ನ ಎರಡು ಬದಿಯಿಂದ ಶುರು ಮಾಡಿ, ಒಂದೇ ವೇಗದಲ್ಲಿ ಗ್ರೌಂಡ್ ಸೀಟ್ ಅಂಚಿನುದ್ದಕ್ಕೂ ಹಿಂದಕ್ಕೆ ಎಳೆದುಕೊಂಡು ಬಂದರು. ಬಲಗೈ ಸರಾಗವಾಗಿ ಬಂತು. ಎಡ ಹೆಬ್ಬೆರಳು ಒಂದು ಕಡೆ ನಿಂತುಬಿಟ್ಟಿತು. ಪೆನ್ಸಿಲ್ ತೆಗೆದು ಅಲ್ಲೊಂದು ಗೀಟು ಹಾಕಿದರು. ‘ಇಲ್ಲಿ ಒಂದು ಕೂದಲೆಳೆ ಉಳಿಸಿದ್ದೀಯ ನೋಡಪ್ಪ’ ಅಂದರು. ಕ್ಯಾಲಿಪರ್‌ನಲ್ಲಿ ಅಳೆದೆ, ಮಿಲಿಮೀಟರ್ ಹತ್ತಿರ ಹತ್ತಿರ ವ್ಯತ್ಯಾಸ. ರಂಪಿಗೆಯಿಂದ ಎರಡು ಎಳೆ ಸವರಿದ್ದಕ್ಕೆ ಸರಿಹೋಯಿತು. ಆ ಸೀಟ್ ಮೇಲೆ ಚರ್ಮ ಎಳೆದು ಹೂವು ಕೆತ್ತಿದ ಮೇಲೆ ಯಾರ ಹೆಬ್ಬೆರಳಿಗೂ ಅದು ಸಿಗುತ್ತಿರಲಿಲ್ಲ. ಸವಾರನ ತೊಡೆಗೆ ಮಾತ್ರ ದಿನಾ ಸಿಗುತ್ತಿತ್ತು.

ಅಳತೆಯ ಲೆಕ್ಕವನ್ನೂ ಅವರ ಮುಂದೆಯೇ ಮಾಡುತ್ತೇನೆ. ಕ್ಯಾಂಟಲ್ ನಡುಮಧ್ಯೆ ಒಂದು ಮೊಳೆ ಹೊಡೆದು, ಅಲ್ಲಿಂದ ಎಡ ರಿಗ್ಗಿಂಗ್ ರಿಂಗ್‌ಗೆ ಟೇಪು, ಬಲದ್ದಕ್ಕೆ ಟೇಪು. ಎರಡರ ವ್ಯತ್ಯಾಸ 3 ಮಿಲಿಮೀಟರ್ ದಾಟಿದರೆ ಬಿಚ್ಚುತ್ತೇನೆ. ಟ್ರೀಯೇ ಸಮ ಇಲ್ಲದಿರುವುದೂ ಉಂಟು, ಆದ್ದರಿಂದ ಟ್ರೀ ಬಂದ ದಿನವೇ ಅದನ್ನೂ ಹೀಗೇ ಅಳೆದು ಬಾರ್ ಮೇಲೆ ಬರೆದಿಡಿ.

ಮೂರನೆಯ ನಿಲುಗಡೆ ಸೀಟ್ ಚರ್ಮವನ್ನು ಹದವಾಗಿ ನೆನೆಸಿ ಎಳೆದು ಕೂರಿಸಿ, ಒಣಗಿಸಿ, ಅಂಟು ಹಾಕದೇ ಇರುವಾಗ. ಈ ಹಂತದಲ್ಲಿ ಬರುವ ಮಾತುಗಳು ಕಡಿಮೆ. ಇಯರ್ಸ್ (ಸೀಟ್ ಚರ್ಮದ ಕಿವಿಗಳು) ಕೂತ ರೀತಿ, ಜಾಕಿಯ (ಸ್ಕರ್ಟ್ ಮೇಲೆ ಬರುವ ಚರ್ಮದ) ಗೆರೆ ಸ್ಕರ್ಟಿನ ಗೆರೆಯ ಜೊತೆ ಓಡುತ್ತದೆಯಾ, ಇಂಥವು. ಸೀಟನ್ನು ಮೊಳೆಯ ಗುರುತು ಬೀಳದಂತೆ ತಾತ್ಕಾಲಿಕವಾಗಿ ಹಿಡಿಸುವುದಕ್ಕೆ ನನ್ನದೊಂದು ಉಪಾಯವಿದೆ, ನನ್ನ ಜೊತೆ ಕೂತು ಕೆಲಸ ಮಾಡುವವರಿಗೆ ಮಾತ್ರ ಅದನ್ನು ತೋರಿಸುತ್ತೇನೆ.

ಹೀಗೆ ನಿಲ್ಲಿಸಿ ನಿಲ್ಲಿಸಿ ಮಾಡಿದರೆ ಒಂದು ಜೀನಿಗೆ ಹತ್ತು ಹನ್ನೆರಡು ದಿನ ಜಾಸ್ತಿ ಹಿಡಿಯುತ್ತದೆ. ಅದರಲ್ಲಿ ಕೈಕೆಲಸ ಕಡಿಮೆ, ಕಾಯುವುದೇ ಹೆಚ್ಚು. ಆ ಹೊತ್ತಿನಲ್ಲಿ ಫೆಂಡರ್ ಕೆತ್ತನೆ, ಪಟ್ಟಿ ಅಂಚು ಸವರುವ ಕೆಲಸ ಮುಗಿಸಿಕೊಳ್ಳುತ್ತೇನೆ. ಸವಾರಿಗೆ ಬರುವವರಿಗೂ ಕುದುರೆಗೂ ಖರ್ಚು ಸೇರಿ ಜೀನಿಗೆ 100 ಡಾಲರ್ ಆಸುಪಾಸು. ಈ ಕ್ರಮ ಹಿಡಿದ ಮೇಲೆ ಸೀಟ್ ಬಿಚ್ಚಲು ನನ್ನ ಬಳಿಗೆ ಯಾವ ಜೀನೂ ವಾಪಸ್ ಬಂದಿಲ್ಲ. ಬಂದವು ರಿಕಾಪು ಪಟ್ಟಿ ಎಳೆದುಕೊಂಡು ಉದ್ದವಾದದ್ದಕ್ಕೆ, ಅದೂ ಹತ್ತುವ ಕಡೆಯದು, ಎಡದ್ದು. ಅದಕ್ಕೂ ಈಗ ಪಟ್ಟಿಗಳನ್ನು ಮೊದಲೇ ನೆನೆಸಿ ಭಾರ ಕಟ್ಟಿ ಹಿಗ್ಗಿಸಿ ನಂತರವೇ ತೂತು ಹಾಕುತ್ತಿದ್ದೇನೆ. ಬೆಲೆಯನ್ನೂ ಏರಿಸಿದ್ದೇನೆ. ಗ್ರೌಂಡ್ ಸೀಟ್ ಮೇಲೆ ತಾವೇ ಕೂತು ಗೀಟು ಹಾಕಿಸಿದ ಗಿರಾಕಿಗಳು ಚೌಕಾಸಿ ಮಾಡುವುದೇ ಇಲ್ಲ.

ಈ ಕ್ರಮ ಸಲೀಸಾಗಿ ನಡೆಯದಿರುವುದು ಇನ್-ಸ್ಕರ್ಟ್ ರಿಗ್ಗಿಂಗ್‌ನಲ್ಲಿ. ಅಲ್ಲಿ ರಿಂಗು ಸ್ಕರ್ಟಿನಲ್ಲೇ ಕೂರುವುದರಿಂದ ಸ್ಕರ್ಟ್ ಕತ್ತರಿಸದೆ ಸವಾರನನ್ನು ಹತ್ತಿಸುವಂತಿಲ್ಲ. ಸದ್ಯಕ್ಕೆ ಸೆಕೆಂಡ್ಸ್ (ಎರಡನೇ ದರ್ಜೆ) ಚರ್ಮದಲ್ಲಿ ಒಂದು ಜೊತೆ ತಾತ್ಕಾಲಿಕ ಸ್ಕರ್ಟ್ ಕತ್ತರಿಸಿ, ಅದಕ್ಕೆ ರಿಗ್ಗಿಂಗ್ ಪ್ಲೇಟು ರಿವೆಟ್ ಮಾಡಿ ಪರೀಕ್ಷೆಗೆಂದೇ ಇಟ್ಟುಕೊಂಡಿದ್ದೇನೆ. ರಿಂಗು ಮುಂದಿನ 7/8 ಜಾಗದಲ್ಲಿದ್ದಾಗ ಚೆನ್ನಾಗಿ ಕೆಲಸ ಮಾಡುತ್ತಿದೆ, ಸ್ವಲ್ಪ ಹಿಂದಿನ 3/4ಕ್ಕೆ ತಂದರೆ ಮುಂಭಾಗ ಸ್ವಲ್ಪ ಎದ್ದುಕೊಳ್ಳುತ್ತದೆ. ಪ್ಲೇಟನ್ನು ಅರ್ಧ ಇಂಚು ಕೆಳಗಿಳಿಸಿ ನೋಡಬೇಕು ಅಂತಿದ್ದೇನೆ.