ದೇಹಕ್ಕೆ ಕೊಟ್ಟ ಕೋಶಬಾಹ್ಯ ವೆಸಿಕಲ್‌ಗಳ ಜಾಡು ಹಿಡಿಯುವ ಬಗೆ

ಜೀವಕೋಶಗಳು ಪೊರೆಯಲ್ಲಿ ಸುತ್ತಿ ಹೊರಗೆ ಬಿಡುವ ಅತಿ ಸಣ್ಣ ಚೀಲಗಳಿಗೆ ಕೋಶಬಾಹ್ಯ ವೆಸಿಕಲ್‌ಗಳು ಎನ್ನುತ್ತಾರೆ. ಇವುಗಳಲ್ಲಿ ಎಕ್ಸೋಸೋಮ್ ಎಂದು ಕರೆಸಿಕೊಳ್ಳುವವುಗಳ ಅಡ್ಡಳತೆ ಸುಮಾರು 30ರಿಂದ 150 ನ್ಯಾನೊಮೀಟರ್. ಇವುಗಳ ಮೂಲಕ ಔಷಧವನ್ನು ಸಾಗಿಸಬೇಕೆಂದಿರುವವರು, ಕೊಟ್ಟ ವೆಸಿಕಲ್‌ಗಳು ದೇಹದಲ್ಲಿ ಎಲ್ಲಿಗೆ ಹೋಗಿ ನಿಲ್ಲುತ್ತವೆ ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ. ಅದನ್ನು ಇಲಿಗಳಲ್ಲಿ ಅಳೆಯುವ ಕ್ರಮವನ್ನು ಇಲ್ಲಿ ವಿವರಿಸಿದೆ. ಪ್ರಾಣಿಪ್ರಯೋಗಕ್ಕೆ ನೈತಿಕ ಸಮಿತಿಯ ಅನುಮತಿ ದೊರೆತ ನಂತರವೇ ಇದಕ್ಕೆ ಕೈಹಾಕಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ. ಉಪಕರಣಕ್ಕೆ ಕಾಣುವುದು ವೆಸಿಕಲ್‌ಗೆ ನಾವು ಅಂಟಿಸಿದ ಗುರುತು ಮಾತ್ರ ಎಂಬುದನ್ನು ಆರಂಭದಿಂದ ಕೊನೆಯವರೆಗೂ ಮರೆಯಬಾರದು; ಗುರುತು ಕಳಚಿಕೊಂಡು ಬೇರೆ ದಾರಿ ಹಿಡಿದರೂ ಉಪಕರಣ ಅದನ್ನೇ ವೆಸಿಕಲ್ ಎಂದು ತೋರಿಸುತ್ತದೆ.

ವೆಸಿಕಲ್‌ಗಳ ಮಾದರಿಯನ್ನು ಶುದ್ಧಗೊಳಿಸಿದ ಮೇಲೆ ಕಣಗಳ ಗಾತ್ರವನ್ನೂ ಸಂಖ್ಯೆಯನ್ನೂ ಅಳೆಯಿರಿ. ವೆಸಿಕಲ್‌ಗಳ ಪೊರೆಯಲ್ಲಿ ಸಾಮಾನ್ಯವಾಗಿರುವ ಸಿಡಿ9, ಸಿಡಿ63, ಸಿಡಿ81ರಂತಹ ಪ್ರೋಟೀನ್‌ಗಳು ಇವೆಯೇ, ಜೀವಕೋಶದ ಒಳಭಾಗದಿಂದ ಬೆರೆಯಬಹುದಾದ ಕ್ಯಾಲ್ನೆಕ್ಸಿನ್ ಎಂಬ ಪ್ರೋಟೀನ್ ಇಲ್ಲವೇ ಎಂದು ನೋಡಿಕೊಳ್ಳಿ. ಡೋಸನ್ನು ಪ್ರೋಟೀನಿನ ತೂಕದಲ್ಲಿ ಮಾತ್ರ ಬರೆದಿಟ್ಟರೆ ಸಾಲದು, ಕಣಗಳ ಸಂಖ್ಯೆಯನ್ನೂ ದಾಖಲಿಸಬೇಕು.

ಗುರುತಿನ ಆಯ್ಕೆಗೆ ಎಷ್ಟು ಸಮಯ ಕೊಟ್ಟರೂ ಹೆಚ್ಚಲ್ಲ. ಪಿಕೆಎಚ್26, ಡಿಐಆರ್‌ನಂತಹ ಪ್ರತಿದೀಪ್ತ (ಬೆಳಕು ಬಿದ್ದಾಗ ಹೊಳೆಯುವ) ಬಣ್ಣಗಳು ಪೊರೆಯ ಕೊಬ್ಬಿನಂಶದೊಳಗೆ ಸೇರಿಕೊಳ್ಳುವುದರಿಂದ ಬಳಸಲು ಸುಲಭ, ಆದರೆ ಇವುಗಳಿಗೆ ಎರಡು ದೋಷಗಳಿವೆ. ನೀರಿನಲ್ಲಿ ಈ ಬಣ್ಣದ ಅಣುಗಳು ತಾವೇ ಒಟ್ಟುಗೂಡಿ ವೆಸಿಕಲ್‌ನಷ್ಟೇ ಗಾತ್ರದ ಕಣಗಳಾಗುತ್ತವೆ, ಮತ್ತು ವೆಸಿಕಲ್ ಒಡೆದು ಜೀರ್ಣವಾದ ಬಹುಕಾಲದ ಮೇಲೂ ಬಣ್ಣ ಅಂಗಾಂಶದಲ್ಲಿ ಉಳಿದಿರುತ್ತದೆ. ಹೀಗಾಗಿ ಒಂದು ವಾರದ ನಂತರ ಯಕೃತ್ತು ಹೊಳೆಯುತ್ತಿದೆ ಎಂದರೆ ವೆಸಿಕಲ್‌ಗಳು ಅಲ್ಲಿ ವಾರವಿಡೀ ಉಳಿದಿವೆ ಎಂದು ಅರ್ಥವಲ್ಲ. ವೆಸಿಕಲ್‌ನ ಪ್ರೋಟೀನ್‌ಗೇ ಬೆಳಕು ಹೊಮ್ಮಿಸುವ ಲೂಸಿಫರೇಸ್ ಕಿಣ್ವವನ್ನು ಜೋಡಿಸಿದರೆ ಇಂತಹ ಗೊಂದಲ ಕಡಿಮೆಯಾಗುತ್ತದೆ, ಏಕೆಂದರೆ ಪ್ರೋಟೀನ್ ನಾಶವಾದಾಗ ಬೆಳಕೂ ಆರುತ್ತದೆ; ಆದರೆ ಇದಕ್ಕಾಗಿ ವೆಸಿಕಲ್‌ಗಳನ್ನು ಬಿಡುವ ಮೂಲಕೋಶಗಳನ್ನೇ ಮಾರ್ಪಡಿಸಬೇಕು. ನಿಖರವಾದ ಪ್ರಮಾಣ ಬೇಕಿದ್ದರೆ ವಿಕಿರಣಶೀಲ ಗುರುತೇ ಮೇಲು. ಟೆಕ್ನೀಷಿಯಂ-99ಎಂನ ಅರ್ಧಾಯುಷ್ಯ 6 ಗಂಟೆ, ಇಂಡಿಯಂ-111ರದು 2.8 ದಿನ, ಆದ್ದರಿಂದ ಪ್ರಯೋಗದ ಅವಧಿಗೆ ಹೊಂದುವುದನ್ನು ಆರಿಸಿ. ಸಾಧ್ಯವಿದ್ದರೆ ಪೊರೆಗೊಂದು, ಒಳಗಿನ ಸರಕಿಗೊಂದು ಎಂದು ಎರಡು ಗುರುತುಗಳನ್ನು ಬಳಸುವುದು ನನ್ನ ಸಲಹೆ. ಎರಡೂ ಒಂದೇ ಜಾಗದಲ್ಲಿ ಕಂಡರೆ ನಂಬಿಕೆ ಹೆಚ್ಚುತ್ತದೆ.

ಅಂಟದೆ ಉಳಿದ ಗುರುತನ್ನು ಗಾತ್ರಾಧಾರಿತ ಕ್ರೊಮ್ಯಾಟೊಗ್ರಫಿಯಿಂದ, ಅಂದರೆ ದ್ರಾವಣವನ್ನು ಕಾಲಮ್‌ನಲ್ಲಿ ಹಾಯಿಸಿ ಕಣಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಕ್ರಮದಿಂದ, ತೆಗೆದುಹಾಕಿ. ವೆಸಿಕಲ್ ಇಲ್ಲದ ಬರಿಯ ದ್ರಾವಣಕ್ಕೆ ಅಷ್ಟೇ ಬಣ್ಣ ಬೆರೆಸಿ, ಅದನ್ನೂ ಅದೇ ಕಾಲಮ್‌ನಲ್ಲಿ ಹಾಯಿಸಿ, ಹೊರಬಂದದ್ದನ್ನು ಇನ್ನೊಂದು ಗುಂಪಿನ ಇಲಿಗಳಿಗೆ ಕೊಡಿ. ಈ ಗುಂಪಿನ ಚಿತ್ರವೂ ವೆಸಿಕಲ್ ಪಡೆದ ಇಲಿಗಳ ಚಿತ್ರದಂತೆಯೇ ಬಂದರೆ, ಬೇಸರವಾದರೂ ಗುರುತು ಹಚ್ಚುವ ಕೆಲಸವನ್ನು ಮೊದಲಿನಿಂದ ಮಾಡಲೇಬೇಕು.

ಬಾಲದ ಅಭಿಧಮನಿಗೆ ಚುಚ್ಚಿದ ವೆಸಿಕಲ್‌ಗಳು ರಕ್ತದಿಂದ ಬಹುಬೇಗ ಮರೆಯಾಗುತ್ತವೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಲಿಯ ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಕೋಶಗಳ ಎಕ್ಸೋಸೋಮ್‌ಗಳು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಹಿಡಿದದ್ದು ಸುಮಾರು 2 ನಿಮಿಷ. ಮೊದಲ ರಕ್ತದ ಮಾದರಿಯನ್ನು 1 ಗಂಟೆಗೆ ತೆಗೆದರೆ ಕಥೆಯ ಬಹುಭಾಗ ಆಗಲೇ ಮುಗಿದಿರುತ್ತದೆ. ಆದ್ದರಿಂದ 2, 5, 15, 30 ನಿಮಿಷಗಳಲ್ಲಿ, ಬಳಿಕ 4 ಮತ್ತು 24 ಗಂಟೆಗಳಲ್ಲಿ ಮಾದರಿ ಸಂಗ್ರಹಿಸಿ.

ಅಂಗಗಳನ್ನು ಹೊರತೆಗೆಯುವ ಮೊದಲು ಹೃದಯದ ಮೂಲಕ ಲವಣದ್ರಾವಣವನ್ನು ಹರಿಸಿ, ಯಕೃತ್ತು ಪೇಲವವಾಗುವವರೆಗೆ ರಕ್ತವನ್ನು ತೊಳೆಯಬೇಕು. ಇಲ್ಲವಾದರೆ ರಕ್ತನಾಳದಲ್ಲೇ ಉಳಿದದ್ದು ಅಂಗದ ಲೆಕ್ಕಕ್ಕೆ ಸೇರುತ್ತದೆ. ಫಲಿತಾಂಶವನ್ನು ಇಡೀ ಅಂಗಕ್ಕೂ ಪ್ರತಿ ಗ್ರಾಂಗೂ ಬೇರೆಬೇರೆಯಾಗಿ ಬರೆಯಿರಿ. 1.2 ಗ್ರಾಂ ತೂಗುವ ಯಕೃತ್ತಿನಲ್ಲಿ ಡೋಸಿನ ಶೇ. 36, 0.1 ಗ್ರಾಂ ತೂಗುವ ಗುಲ್ಮದಲ್ಲಿ ಶೇ. 5 ಸಿಕ್ಕಿತು ಎಂದಿಟ್ಟುಕೊಳ್ಳಿ. ಗ್ರಾಂ ಲೆಕ್ಕದಲ್ಲಿ ಯಕೃತ್ತಿಗೆ ಶೇ. 30, ಗುಲ್ಮಕ್ಕೆ ಶೇ. 50 ಬರುತ್ತದೆ. ಒಂದನ್ನೇ ಕೊಟ್ಟರೆ ಓದುಗರು ತಪ್ಪು ಅಂಗವನ್ನು ಮುಖ್ಯವೆಂದು ಎಣಿಸುತ್ತಾರೆ.

ಸಾಮಾನ್ಯವಾಗಿ ಯಕೃತ್ತು, ಗುಲ್ಮ, ಶ್ವಾಸಕೋಶಗಳಲ್ಲಿ ಗುರುತಿನ ಸಂಕೇತ ಹೆಚ್ಚು ಕಾಣುತ್ತದೆ. ಯಕೃತ್ತು ಮತ್ತು ಗುಲ್ಮದ ಮ್ಯಾಕ್ರೋಫೇಜ್‌ಗಳು, ಅಂದರೆ ಹೊರಗಿನ ಕಣಗಳನ್ನು ಕಬಳಿಸುವ ರಕ್ಷಣಾ ಕೋಶಗಳು, ವೆಸಿಕಲ್‌ಗಳನ್ನು ನುಂಗುವುದು ಇದಕ್ಕೆ ಮುಖ್ಯ ಕಾರಣ. ಕ್ಲೋಡ್ರೋನೇಟ್ ಲಿಪೋಸೋಮ್‌ಗಳಿಂದ (ಮ್ಯಾಕ್ರೋಫೇಜ್‌ಗಳನ್ನು ಕೊಲ್ಲುವ ಔಷಧ ತುಂಬಿದ ಕೊಬ್ಬಿನ ಸಣ್ಣ ಚೀಲಗಳಿಂದ) ಆ ಕೋಶಗಳನ್ನು ಕಡಿಮೆ ಮಾಡಿದ ಇಲಿಗಳಲ್ಲಿ ವೆಸಿಕಲ್‌ಗಳು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ಶ್ವಾಸಕೋಶ ಮಾತ್ರ ಅತಿಯಾಗಿ ಹೊಳೆದರೆ ಮಾದರಿಯಲ್ಲಿ ಕಣಗಳು ಗಂಟುಕಟ್ಟಿದ್ದವೇ ಎಂದು ಪರೀಕ್ಷಿಸಿ, ಏಕೆಂದರೆ ಅಭಿಧಮನಿಯಿಂದ ಹೊರಟ ಕಣಗಳಿಗೆ ಮೊದಲು ಎದುರಾಗುವ ಲೋಮನಾಳಗಳ ಜಾಲ ಅಲ್ಲಿಯದೇ. ಮೂತ್ರದಲ್ಲಿ ಸಂಕೇತ ಬೇಗ ಕಂಡರೆ ಇನ್ನೂ ಎಚ್ಚರ ಬೇಕು. ಮೂತ್ರಪಿಂಡದ ಸೋಸುವ ಪದರ ಸುಮಾರು 6ರಿಂದ 8 ನ್ಯಾನೊಮೀಟರ್‌ಗಿಂತ ದೊಡ್ಡದನ್ನು ಸುಲಭವಾಗಿ ದಾಟಗೊಡುವುದಿಲ್ಲವಾದ್ದರಿಂದ, ಅಲ್ಲಿಗೆ ತಲುಪಿದ್ದು ಬಹುಮಟ್ಟಿಗೆ ಕಳಚಿದ ಗುರುತೇ ಆಗಿರುತ್ತದೆ.

ಕೊಡುವ ದಾರಿ ಬದಲಾದರೆ ಹಂಚಿಕೆಯೂ ಬದಲಾಗುತ್ತದೆ. ಹೊಟ್ಟೆಯ ಕುಹರಕ್ಕೆ ಅಥವಾ ಚರ್ಮದಡಿಗೆ ಕೊಟ್ಟಾಗ ಯಕೃತ್ತು, ಗುಲ್ಮಗಳ ಪಾಲು ಇಳಿದು, ಮೇದೋಜೀರಕ ಗ್ರಂಥಿ ಮತ್ತು ಜೀರ್ಣನಾಳದ ಪಾಲು ಏರಿದ್ದನ್ನು 2015ರ ಒಂದು ಅಧ್ಯಯನ ತೋರಿಸಿದೆ. ಮೂಲಕೋಶ ಮತ್ತು ಡೋಸ್ ಕೂಡ ಹಂಚಿಕೆಯನ್ನು ಬದಲಿಸುವುದರಿಂದ, ಎರಡು ದಾರಿಗಳನ್ನು ಹೋಲಿಸುವಾಗ ಒಂದೇ ಬಾರಿಗೆ ಒಟ್ಟಾಗಿ ಶುದ್ಧಗೊಳಿಸಿದ ವೆಸಿಕಲ್‌ಗಳನ್ನು ಒಂದೇ ಡೋಸಿನಲ್ಲಿ ಕೊಡಬೇಕು.